ಕತ್ತಲೆ ಪಿಚ್ಚರ್

ಅವರ ಬಾಯಿಯ ಸುತ್ತ ಬಳೆಯಂಥದೊಂದು ಗುರುತಿತ್ತು. ತಗಡಿನ ಕಹಳೆಯನ್ನು ತುಟಿಗೆ ಒತ್ತಿ ಕೂಗಿ ಕೂಗಿ ಆದದ್ದು. ಆ ಗೆರೆಯ ಮೇಲೆ ಗಡ್ಡ ಕೂಡ ಬೆಳೆಯುತ್ತಿರಲಿಲ್ಲ. ಮಹಾರಾಜರ ಕಾಲ ಅದು. ಮಧುಗಿರಿಯ ನಮ್ಮ ಬೀದಿಗೆ ಅವರ ಎತ್ತಿನ ಗಾಡಿ ಬಂತೆಂದರೆ ಟೆಂಟಿನಲ್ಲಿ ಪಿಚ್ಚರ್ ಬದಲಾಗಿದೆ ಎಂದು ಅರ್ಥ. ಸಿರಾದವರು, ನಮಗೆಲ್ಲ ಸಾರುವ ಸಾಯಿಬರು.

ಅವರ ಲೆಕ್ಕದಲ್ಲಿ ಲೋಕದ ಪಿಚ್ಚರ್‌ಗಳೆಲ್ಲ ಮೂರೇ ಜಾತಿ. ದೇವರದಾದರೆ, "ಕೈಕಾಲು ತೊಳ್ಕೊಂಡು ಬನ್ರಪ್ಪಾ!" ಎಂದು ಸಾರುತ್ತಿದ್ದರು. ಕಣ್ಣೀರಿನದಾದರೆ, "ಅಮ್ಮಂದ್ರೇ, ಉದ್ದದ ಸೆರಗಿರೋ ಸೀರೆ ಉಟ್ಕೊಂಡ್ ಬನ್ನಿ!" ಖೂನಿ, ಪಿಸ್ತೂಲು, ಮೋಸ ಇದ್ದರೆ ಮಾತ್ರ ದನಿ ತಗ್ಗುತ್ತಿತ್ತು: "ಕತ್ತಲೆ ಪಿಚ್ಚರ್. ಗಂಡಸ್ರು ಮಾತ್ರ." ಅವರು ಕತ್ತಲೆ ಎಂದರೆ ಮುಗಿಯಿತು, ಬೀದಿಯ ಯಾವ ಹೆಣ್ಣೂ ಹೊಸಿಲು ದಾಟುವಂತಿಲ್ಲ. ಹೆಂಗಸರನ್ನು ಟೆಂಟಿಗೆ ಕಳಿಸುತ್ತಿದ್ದದ್ದೇ ಸಾಯಿಬರು ಸುಳ್ಳು ಸಾರುವುದಿಲ್ಲ ಎಂಬ ನಂಬಿಕೆಯ ಮೇಲೆ. ನಮ್ಮ ಅತ್ತೆಗೆ ಗಂಡನ ಮಾತಿಗಿಂತ ಆ ಕಹಳೆಯ ಮಾತು ಹೆಚ್ಚು.

ನಾನಾಗ ಹೊಸ ಸೊಸೆ. ಬಾವಿಕಟ್ಟೆ ಬಿಟ್ಟರೆ ನಾನು ಕಂಡ ಊರೆಂದರೆ ಆ ಟೆಂಟು. ಅಷ್ಟರಲ್ಲಿ ಸಿರಾದಲ್ಲಿದ್ದ ನನ್ನಕ್ಕ ಒಂದು ಪಿಚ್ಚರ್ ನೋಡಿದ್ದಳು. ತಮ್ಮನನ್ನು ಕೂಲಿ ಮಾಡಿ ಸಾಕುವ ಅಕ್ಕನ ಕಥೆ. ಕಡೆಗೆ ಅವನಿಗಾಗಿ ಜೈಲಿಗೆ ಹೋಗುತ್ತಾಳಂತೆ. ನಮ್ಮ ಮನೆಗೆ ಬಂದಾಗ ಹೇಳಿ ಹೇಳಿ ಮತ್ತೆ ಅತ್ತಳು. ಅದು ಮಧುಗಿರಿಗೆ ಬರುವುದನ್ನೇ ನಾನು ಕಾಯುತ್ತಿದ್ದೆ. ಬಂತು. ಸಾಯಿಬರು ಏನು ಸಾರಿದರು? ಕತ್ತಲೆ ಪಿಚ್ಚರ್!

ನನಗೆ ಮೈಯೆಲ್ಲ ಉರಿಯಿತು. ಅತ್ತೆ ಹಿತ್ತಲಲ್ಲಿದ್ದರು. ಬಾಗಿಲ ಸಂದಿಯಲ್ಲಿ ನಿಂತು ಗಾಡಿ ತಡೆದೆ.

"ಸಾಯಿಬ್ರೇ, ಅದು ಅಳೋ ಪಿಚ್ಚರ್ ಅಲ್ವಾ? ನಮ್ಮಕ್ಕ ಸೆರಗೆಲ್ಲ ನೆನೆಸ್ಕೊಂಡು ಬಂದವ್ಳೆ."

"ಪಿಚ್ಚರ್‌ನಾಗಿನ ಆ ಅಕ್ಕ, ತಮ್ಮನ ಹೆಂಡ್ತಿ ಕುಡಿಯೋ ಹಾಲ್ನಾಗೆ ಏನು ಬೆರೆಸ್ತಾಳೆ ಅಂತ ಹೇಳಿದ್ಲೇನಮ್ಮ ನಿಮ್ಮಕ್ಕ?"

ಹೇಳಿರಲಿಲ್ಲ.

"ಕಣ್ಣೀರಿನ ಪಿಚ್ಚರ್‌ನಾಗೆ ಯಾರಿಗೋಸ್ಕರ ಅಳ್ಬೇಕು ಅಂತ ಗೊತ್ತಿರ್ತದೆ. ಇದ್ರಾಗೆ ಅತ್ತೋರಿಗೂ ಗೊತ್ತಾಗಾಕಿಲ್ಲ. ಇದು ಕತ್ತಲೇನೇ."

"ಅಳೋ ಪಿಚ್ಚರ್ ಅಂತ ಸಾರ್ಬುಡಿ. ನಿಮ್ಮ ಗಂಟೇನು ಹೋಗ್ತದೆ?"

"ಸುಳ್ಳು ಸಾರಾಕಿಲ್ಲ ಕಣಮ್ಮ. ಒಂದ್ಸಲ ಸಾರಿದ್ರೆ ನಾಳೆ ದೇವ್ರ ಪಿಚ್ಚರ್‌ಗೂ ನಿಮ್ಮತ್ತೆ ಕಳ್ಸಾಕಿಲ್ಲ."

ಆ ಮನುಷ್ಯನ ಹಟಕ್ಕೆ ಏನು ಹೇಳಲಿ! ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಕತ್ತಲೆ ನಮಗೇನು ಹೊಸದಾ? ಹೊಗೆ ತುಂಬಿದ ಅಡುಗೆಮನೆಯಾಗೇ ಅಲ್ವಾ ನಾವಿರಾದು? ಹೊಟ್ಟೆಕಿಚ್ಚು, ಮೋಸ ಎಲ್ಲ ಗಂಡಸ್ರ ಸ್ವತ್ತಾ?"

ಸಾಯಿಬರು ಗಾಡಿ ಹೊಡೆದರು. ಬೀದಿಯ ತುದಿ ಮುಟ್ಟುವವರೆಗೂ ಕಹಳೆ ಬಾಯಿಗೆ ಹೋಗಲಿಲ್ಲ.

ಮರುದಿನ ಗಾಡಿ ಬಂತು. "ಕತ್ತಲೆ ಪಿಚ್ಚರ್! ಕತ್ತಲೆ ಪಿಚ್ಚರ್! ಹೆಂಗಸ್ರೂ ಬನ್ರಮ್ಮಾ, ಇದು ನಿಮಗೂ ಸೇರಿದ್ದು!"

ರೊಟ್ಟಿ ತಟ್ಟುತ್ತಿದ್ದವಳು ಹಾಗೇ ಎದ್ದು ಓಡಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಕತ್ತಲೇನೂ ಅಂತೆ, ಹೆಂಗಸ್ರೂ ಅಂತೆ! ಸಾಯಿಬ್ರಿಗೆ ಅರುಳುಮರುಳು. ಬಾಗ್ಲು ಹಾಕಮ್ಮಿ."

ಬೀದಿಯ ಹಿರಿಯರು ಟೆಂಟಿನ ಮಾಲೀಕನ ಬಳಿ ಹೋಗಿ ಗಲಾಟೆ ಮಾಡಿದರು. ಆತ ಸಾಯಿಬರನ್ನು ಕೆಲಸದಿಂದ ಬಿಡಿಸಿದ. ಆಮೇಲೆ ಬಂದವನಿಗೆ ಎಲ್ಲವೂ ಕಣ್ಣೀರಿನ ಪಿಚ್ಚರೇ. ಅವನನ್ನು ನಂಬಿ ಹೋದ ಹೆಂಗಸರು ಮೊದಲ ಖೂನಿಗೇ ತಲೆಯ ಮೇಲೆ ಸೆರಗು ಎಳೆದುಕೊಂಡು ವಾಪಸು ಬಂದರು. ಅಲ್ಲಿಗೆ ಅತ್ತೆ ಟೆಂಟಿನ ಸುದ್ದಿಯನ್ನೇ ಮನೆಯಿಂದ ಅಳಿಸಿಹಾಕಿದರು. ಸಾಯಿಬರು ಹೇಳಿದಂತೆಯೇ ಆಯಿತು, ದೇವರ ಪಿಚ್ಚರೂ ಹೋಯಿತು. ನಾನು ಯಾರನ್ನು ಬಯ್ಯಬೇಕಿತ್ತು? ಎಲ್ಲರನ್ನೂ ಬೈದೆ, ಒಲೆಯ ಮುಂದೆ ಕೂತು, ಒಳಗೊಳಗೇ.

ಎಷ್ಟೋ ಕಾಲದ ಮೇಲೆ ಸಾಯಿಬರು ನೆಂಟರ ಮನೆಗೆಂದು ಮಧುಗಿರಿಗೆ ಬಂದವರು ನಮ್ಮ ಜಗಲಿಯಲ್ಲಿ ಕೂತರು. ಬಾಯಿ ಸುತ್ತಲಿನ ಗೆರೆಯ ಮೇಲೂ ಬಿಳಿ ಗಡ್ಡ ಬಂದಿತ್ತು. ಮಜ್ಜಿಗೆ ಕೊಟ್ಟು, ತಡೆಯಲಾರದೆ ಕೇಳಿದೆ: "ಅವತ್ತು ಅಳೋ ಪಿಚ್ಚರ್ ಅಂದಿದ್ರೆ ನಿಮ್ಮ ಕೆಲ್ಸಾನೂ ಉಳೀತಿತ್ತು, ನಾನೂ ನೋಡ್ತಿದ್ದೆ."

ಲೋಟ ಕೆಳಗಿಟ್ಟರು. "ಅಂದಿದ್ರೆ ನೀನು ಬೇರೆ ಪಿಚ್ಚರ್ ನೋಡ್ಕೊಂಡು ಬರ್ತಿದ್ದೆ ಕಣಮ್ಮ."

ಅವರು ತೀರಿಕೊಂಡ ಸುದ್ದಿ ತಂದವಳೂ ಅಕ್ಕನೇ. ಅವಳೊಡನೆ ಇಂದಿಗೂ ಜಗಳ ನಿಂತಿಲ್ಲ. "ಅಳೋ ಪಿಚ್ಚರ್ ಕಣೇ ಅದು, ನೋಡ್ದೋಳು ನಾನು," ಎನ್ನುತ್ತಾಳೆ. "ಆ ಹಾಲ್ನಾಗೆ ಏನಿತ್ತು, ಹೇಳು?" ಎಂದು ಕೇಳುತ್ತೇನೆ. ಎಲೆಯಡಿಕೆ ತಟ್ಟೆ ಎಳೆದುಕೊಳ್ಳುತ್ತಾಳೆ. ಅದು ಕತ್ತಲೆ ಪಿಚ್ಚರೇ. ನಾನು ಅದನ್ನು ನೋಡಲೇ ಇಲ್ಲ.