ಹಳೆ ಮಾಲೆಯ ದಾರ

ಒಂದೇ ಒಂದು ಚಿತ್ರ ತೆರೆಯಬೇಕಿತ್ತು, ನನ್ನ ಗಂಡನ ಎದೆಯ ಸ್ಕ್ಯಾನ್ ಚಿತ್ರ. ಅದು ತೆರೆಯಲಿಲ್ಲ. ತಾಯಿ ಬನಶಂಕರಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ವಾರ ನಾನು ಪಟ್ಟ ಪಾಡು ವೈರಿಗೂ ಬೇಡ.

ಗಜೇಂದ್ರಗಡದಿಂದ ದಿನಾ ಬಸ್ ಹತ್ತಿ ರೋಣದ ಒಂದು ಖಾಸಗಿ ದವಾಖಾನೆಗೆ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತೇನೆ. 2008ರಲ್ಲಿ ಅಲ್ಲಿಯ ಹಳೆ ಕಂಪ್ಯೂಟರ್ ಕೈಕೊಟ್ಟಿತು. ಸ್ಕ್ಯಾನ್ ಚಿತ್ರ ತೋರಿಸುವ ಪ್ರೋಗ್ರಾಂ ಹೊಸದರಲ್ಲಿ ಓಡಲೊಲ್ಲದು. ಅದಕ್ಕೆ ಎಂಜಿನಿಯರ್ ಒಬ್ಬ ಬಂದು, ಹಳೆಯದನ್ನು ಇಡಿಯಾಗಿ ಹೊಸದರೊಳಗೆ ಕೂರಿಸಿ ಹೋದ. ಕಂಪ್ಯೂಟರಿನ ಹೊಟ್ಟೆಯಲ್ಲೊಂದು ಕಂಪ್ಯೂಟರ್. ವರ್ಚುವಲ್ ಮಶಿನ್ ಅನ್ನುತ್ತಾರೆ. ಚೆನ್ನಾಗಿಯೇ ನಡೆದಿತ್ತು.

ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ದಿನ ನಮ್ಮ ಡಾಕ್ಟರು ಹೊಸ ಆಂಟಿವೈರಸ್ ತಂದು, ದಿನ ಒಳ್ಳೆಯದಿದೆ, ಒಳಗಿನ ಮಶಿನ್‌ಗೆ ಹಾಕು ಅಂದರು. ಅದರಲ್ಲಿದ್ದ ಹಳೆ ಆಂಟಿವೈರಸ್ ಮೊದಲು ತೆಗೆಯುತ್ತೇನೆ ಅಂದೆ. ಅವರ ತಾಯಿ ಆರತಿ ತಟ್ಟೆ ಹಿಡಿದೇ ಗದರಿದರು. “ಪೂಜಿ ಮಾಡಿದ ಮಶೀನದಾಗಿಂದ ಇವತ್ತ ಏನೂ ತಗೀಬಾರದವಾ. ಹಾಕೂದಿದ್ರ ಹಾಕು.” ಹಾಕಿದೆ. ಹಳೆಯದನ್ನು ಮರುದಿನ ತೆಗೆದೆ. ಪರದೆಯಿಂದ ಅದರ ಹೆಸರು ಹೋಯಿತು, ಹೋಯಿತಲ್ಲ ಅಂತ ನಾನೂ ಸುಮ್ಮನಾದೆ.

ಅಲ್ಲಿಂದ ಶುರುವಾಯಿತು. ಒಳಗಿನ ಮಶಿನ್‌ನಲ್ಲಿ ಯಾವ ಚಿತ್ರ ಒತ್ತಿದರೂ ಸ್ವಲ್ಪ ಹೊತ್ತು ತಿಣುಕಿ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಅದೇ ಹೊತ್ತಿಗೆ ನಮ್ಮ ಮನೆಯವರಿಗೆ ಉಸಿರು ಕಟ್ಟತೊಡಗಿತು. ಹುಬ್ಬಳ್ಳಿಯ ಹೃದಯದ ಡಾಕ್ಟರು ನೋಡಿ, “ಕವಾಟ ಸೋರಾಕತ್ತೈತಿ. ಹೋದ ವರ್ಷದ ಸ್ಕ್ಯಾನ್ ತರ್ರಿ. ಆವಾಗೂ ಇಷ್ಟ ಇದ್ರ ಗುಳಿಗಿ ಸಾಕು. ಈಗ ಹೆಚ್ಚಾಗಿದ್ರ ಆಪರೇಶನ್ ಮಾಡಬೇಕಾಕ್ಕೈತಿ. ಸೋಮವಾರ ಬರ್ರಿ” ಅಂದರು. ಆ ಸ್ಕ್ಯಾನ್ ತೆಗೆಸಿದ್ದು ನಮ್ಮ ದವಾಖಾನೆಯಲ್ಲೇ, ಇದ್ದದ್ದು ನಮ್ಮ ಹಾಳು ಮಶಿನ್‌ನೊಳಗೆ.

ಎಂಜಿನಿಯರ್‌ಗೆ ಫೋನ್ ಮಾಡಿದೆ. “ಬಂದ್ ಮಾಡಿ ಚಾಲೂ ಮಾಡ್ರಿ” ಅಂದ. ಮಾಡಿದೆ. “ಇನ್ನೊಮ್ಮೆ ಮಾಡ್ರಿ” ಅಂದ. ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಕೊನೆಗೆ ಅವನೂ ಬೇಸತ್ತ. “ಮೇಡಂ, ಫೈಲ್ ತೆರಿಯೂ ದಾರಿಯೊಳಗ ಫಿಲ್ಟರ್ ಡ್ರೈವರ್ ಅಂತ ಒಬ್ಬ ಕಾವಲುಗಾರ ಇರ್ತಾನ್ರಿ. ಆಂಟಿವೈರಸ್ಸ ಅವನ್ನ ಅಲ್ಲಿ ಕಾಯಾಕ ನಿಲ್ಲಿಸಿರ್ತೈತಿ. ಅಂವನ ಏನರ ಅಡ್ಡ ಆಗಿರಬೇಕು” ಅಂದ. ಹೊಸ ಆಂಟಿವೈರಸ್ ತೆಗೆದು ಮತ್ತೆ ಹಾಕಿದೆ. ಮತ್ತೆ ಅದೇ ನೀಲಿ. ಅಗತ್ಯವಿದ್ದಷ್ಟನ್ನೇ ಚಾಲೂ ಮಾಡುವ ಸೇಫ್ ಮೋಡ್‌ನಲ್ಲಿ ಮಶಿನ್ ನೀಲಿಯಾಗುತ್ತಿರಲಿಲ್ಲ, ಆದರೆ ಅಲ್ಲಿ ಸ್ಕ್ಯಾನ್ ಪ್ರೋಗ್ರಾಂ ಓಡುತ್ತಿರಲಿಲ್ಲ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ಎದಿನೋವು ನನಗ ಬಂದೈತೋ, ನಿನ್ನ ಕಂಪ್ಯೂಟರಿಗೋ?” ಎಂದು ಮನೆಯವರು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಓಣಿಯ ಬನಶಂಕರಿ ಗುಡಿಗೆ ಹೋದೆ. ಭಕ್ತಿಯಿಂದ ಹೋದೆ ಅಂದರೆ ಸುಳ್ಳಾದೀತು, ಜಗಳಕ್ಕೇ ಹೋಗಿದ್ದೆ. “ಇಷ್ಟು ವರ್ಷ ಹೂ ಏರಿಸೇನಿ. ನಿನಗ ಒಂದು ಚಿತ್ರ ತೆರಸಾಕ ಆಗವಲ್ದೇನವಾ ತಾಯಿ?” ಎಂದು ಮನಸ್ಸಿನಲ್ಲೇ ಬೈದು ಅತ್ತೆ. ಪೂಜಾರಿ ನನ್ನ ಮಾಲೆ ಏರಿಸಹೋದರೆ ಅದು ಕೊರಳಲ್ಲಿ ಸರಿಯಾಗಿ ಇಳಿಯಲೊಲ್ಲದು. ಎಳೆದರು, ಸಿಕ್ಕಿಬಿತ್ತು.

“ಏನಾತ್ರಿ ಅಜ್ಜಾರ?” ಅಂದೆ.

“ನಿನ್ನಿ ಹೂವೆಲ್ಲಾ ತಗದೇನಿ. ದಾರ ಹಂಗ ಕೊಳ್ಳಾಗ ಉಳದೈತಿ ನೋಡವಾ. ಹೊಸಾದು ಅದಕ್ಕ ಸಿಗಿಬೀಳಾಕತ್ತೈತಿ” ಎಂದು ಹಳೆ ದಾರ ಹರಿದು ತೆಗೆದರು. ಮಾಲೆ ತಾನೇ ಇಳಿದು ಕೂತಿತು.

ನನಗೆ ತಟ್ಟನೆ ಹೊಳೆಯಿತು. ಹಳೆ ಆಂಟಿವೈರಸ್ಸಿನ ಹೆಸರಷ್ಟೇ ಹೋಗಿತ್ತು, ಅದು ಕಾವಲಿಗೆ ನಿಲ್ಲಿಸಿದವನು ಹೋಗಿದ್ದನೋ ಇಲ್ಲವೋ ನಾನು ನೋಡಿರಲೇ ಇಲ್ಲ. ತೀರ್ಥವನ್ನೂ ತೆಗೆದುಕೊಳ್ಳದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಆ ಬಸ್ಸೋ, ದಾರಿಯ ರಾಜೂರಿನಲ್ಲಿ ನಿಂತದ್ದು ನಿಂತೇ ಇತ್ತು, ಕಂಡಕ್ಟರ್ ಚಹಾ ಕುಡಿಯುತ್ತಿದ್ದ.

ರೋಣದಲ್ಲಿ ಡಾಕ್ಟರ ಮನೆಯಿಂದ ದವಾಖಾನೆಯ ಕೀಲಿ ತಂದು, ಮೊದಲು ಒಳಗಿನ ಮಶಿನ್‌ನ ಪೂರ್ತಿ ಪ್ರತಿ ತೆಗೆದಿಟ್ಟೆ. ಸೇಫ್ ಮೋಡ್‌ನಲ್ಲಿ ಹುಡುಕಿದೆ. ಹಳೆ ಫಿಲ್ಟರ್ ಡ್ರೈವರ್ ಅಲ್ಲೇ ಕೂತಿತ್ತು. ಅದು ಮತ್ತೆ ಏಳದಂತೆ ಮಾಡಿ ಮಶಿನ್ ಚಾಲೂ ಮಾಡಿದೆ. ಚಿತ್ರ ಒತ್ತಿದೆ. ತೆರೆಯಿತು. ಬೂದು ಬಣ್ಣದ ಆ ಹೃದಯದ ಮುಂದೆ ಕೂತು ಗಳಗಳ ಅತ್ತುಬಿಟ್ಟೆ.

ಸೋಮವಾರ ಹುಬ್ಬಳ್ಳಿಯ ಡಾಕ್ಟರು ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರು. “ಇದ್ದಷ್ಟ ಐತಿ, ಹೆಚ್ಚಾಗಿಲ್ಲ. ಗುಳಿಗಿ ತಗೊಳ್ರಿ, ಆಪರೇಶನ್ ಬ್ಯಾಡ” ಅಂದರು.

ಎಂಜಿನಿಯರ್‌ಗೆ ಇದನ್ನು ಹೇಳಿದಾಗ, ಸ್ವಲ್ಪ ತಡೆದಿದ್ದರೆ ತಾನೇ ಹೇಳುತ್ತಿದ್ದೆ ಅಂದ. ಅಂದುಕೊಳ್ಳಲಿ. ನಾನು ಬೈಯುತ್ತಾ ನಿಂತಿದ್ದಾಗ ತಾಯಿ ಕೊರಳು ತೋರಿಸಿದಳು, ನನಗೆ ಅಷ್ಟು ಸಾಕು. ಈಗಲೂ ಪ್ರತಿ ವಾರ ಮಾಲೆ ಕೊಡುವಾಗ ಪೂಜಾರಿಯನ್ನು ಕೇಳುತ್ತೇನೆ, “ಅಜ್ಜಾರ, ದಾರ ತಗದೀರೇನ್ರಿ?” ಮನೆಯವರು ಪಕ್ಕದಲ್ಲೇ ನಿಂತಿರುತ್ತಾರೆ, ಗುಡಿಯ ಮೆಟ್ಟಿಲು ತಾವೇ ಹತ್ತಿ ಬಂದು.