ಕಾಣಕೋಣದಿಂದ ಹೊಡೆದ ಗುದ್ದು

ನನ್ನ ಅತ್ತೆಯ ಮಗನಿಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಏನೂ ಇಲ್ಲ. ದಾಬೋಲಿಮ್‌ನ ಒಂದು ಅಂಗಡಿಯಲ್ಲಿ ಮೊಬೈಲಿನ ಒಡೆದ ಗಾಜು ಬದಲಾಯಿಸುವುದು, ಕವರ್ ಮಾರುವುದು ಅವನ ಕೆಲಸ. ಆದರೆ ಸಾಂಕೋಲೆಯ ನಮ್ಮ ಚಾಳಿನಲ್ಲಿ ಯಾರ ಫ್ರಿಜ್ ಕೆಟ್ಟರೂ, ಯಾರ ಟಿ.ವಿ. ಮಂಕಾದರೂ ಕರೆಯದೆಯೇ ಬಂದು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. "ಅದೇನ್ ದೊಡ್ಡ ಮಾತಲ್ಲ ಬಿಡ್ರಿ" ಅನ್ನುತ್ತಾನೆ. ಅವನು ಹಾಗಂದ ಮೇಲೆ ಯಾವ ಫ್ರಿಜ್ಜೂ ಮತ್ತೆ ತಣ್ಣಗಾದದ್ದನ್ನು ನಾನಂತೂ ಕಂಡಿಲ್ಲ. ಇಂಥ ಪಂಡಿತನಿಗೆ ನನ್ನನ್ನು ತಂದುಕೊಳ್ಳಬೇಕೆಂದು ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ನಾನು ಲಂಗ ಹಾಕುತ್ತಿದ್ದ ಕಾಲದಿಂದ ಹೇಳುತ್ತ ಬಂದಿದ್ದಳು. ನಮ್ಮ ಕಡೆ ಅತ್ತೆಯ ಮಗನನ್ನು ಮಾಮಾ ಅನ್ನುತ್ತಾರೆ, ಅಂದರೆ ಹುಟ್ಟುತ್ತಲೇ ಅರ್ಧ ಗಂಡ. ಉಳಿದರ್ಧಕ್ಕೆ ನಾಲ್ಕು ಅಕ್ಕಿಕಾಳು ಬಿದ್ದರೆ ಸಾಕು.

ಅಪ್ಪ ಗೌಂಡಿಯಾಗಿದ್ದ, ಗೋಡೆ ಕಟ್ಟುವವನು. ಅವನು ತೀರಿಕೊಂಡ ಮೇಲೆ ಅತ್ತೆಯ ಮಾತಿಗೆ ಬಲ ಬಂತು. ಅವ್ವ ಈಗಲೂ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ನಾನು ಕಾಣಕೋಣದಲ್ಲಿ, ಸಮುದ್ರದಂಡೆಯ ಒಂದು ರೆಸಾರ್ಟಿನ ಬಿಲ್ ಕೌಂಟರಿನಲ್ಲಿ ಕೂಡುತ್ತೇನೆ. ಸೀಸನ್ ಪೂರ್ತಿ ಅಲ್ಲೇ ಕೆಲಸದ ಹುಡುಗಿಯರ ಕೋಣೆಯಲ್ಲಿ ವಾಸ, ರಜೆ ಸಿಕ್ಕರೆ ಮನೆ. ಮನೆಯಲ್ಲಿ ನನಗೆ ಕಾದಿರುವವರು ಇಬ್ಬರು: ಅವ್ವ ಮತ್ತು ನನ್ನ ಕಂಪ್ಯೂಟರ್. ಒಂದೊಂದೇ ಭಾಗ ತಂದು ನಾನೇ ಜೋಡಿಸಿದ ಕಂಪ್ಯೂಟರ್ ಅದು. ಅದರ ಮೇಲೆ ನಾನು ಇಬ್ಬರು ಎದುರುಬದುರು ನಿಂತು ಗುದ್ದಾಡುವ ಆಟ ಆಡುತ್ತೇನೆ. ಚಲೋ ಆಡುತ್ತೇನೆ. ಇದರಲ್ಲಿ ನಾಚಿಕೊಂಡು ಹೇಳುವಂಥದ್ದೇನಿಲ್ಲ.

ಆ ವರ್ಷ ವಾಸ್ಕೋದ ಒಂದು ಗೇಮಿಂಗ್ ಪಾರ್ಲರಿನವರು ಹೆಣ್ಣುಮಕ್ಕಳ ತಂಡ ಕಟ್ಟುತ್ತಿದ್ದರು. ಉಳಿದದ್ದು ಒಂದೇ ಜಾಗ. ಅದಕ್ಕೆ ನಾನು ಮತ್ತು ಮಡಗಾಂವಿನ ಒಬ್ಬ ಹುಡುಗಿ, ಇಬ್ಬರೂ ಮನೆಯಿಂದಲೇ ಆನ್‌ಲೈನ್‌ನಲ್ಲಿ ಆಡಿ ತೀರ್ಮಾನ ಮಾಡಿಕೊಳ್ಳಬೇಕಿತ್ತು. ಗೆದ್ದವಳಿಗೆ ತಂಡದಲ್ಲಿ ಜಾಗ, ಪಾರ್ಲರಿನಲ್ಲಿ ಹೊಸಬರಿಗೆ ಕಲಿಸುವ ಕೆಲಸ. ಅಂದರೆ ನಾನು ರೆಸಾರ್ಟ್ ಬಿಟ್ಟು ಮನೆಯಿಂದಲೇ ಓಡಾಡಬಹುದಿತ್ತು. ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಬಂದು ಚಾಪೆಯ ಮೇಲೆ ಕೂತಳು.

"ಇಷ್ಟ ವಯಸ್ಸಾತು, ಇನ್ನೂ ಆಟ ಅಂತಾಳ. ನೀ ಏನ್ ಮಾಡಾಕತ್ತೀದಿ?" ಎಂದು ಅವ್ವನನ್ನು ಕೇಳಿದಳು.

ಅವ್ವ ಬಾಯಿ ತೆರೆಯುವ ಮೊದಲೇ ನಾನು ಅಂದೆ, "ಅತ್ತಿ, ಈ ಆಟ ಗೆದ್ದೆ ಅಂದ್ರ ಮದುವಿ ಮಾತು ಮತ್ತ ಎತ್ತಬ್ಯಾಡ. ಸೋತೆ ಅಂದ್ರ ಆಟಾನೂ ಬಿಡ್ತೀನಿ, ನೀ ಹೇಳಿದಲ್ಲಿ ಹೂಂ ಅಂತೀನಿ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿದ್ದಂತೂ ಆಡಿದ್ದೇ. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಆಟದ ದಿನ ಬಿದ್ದದ್ದು ದಸರೆಯ ಖಂಡೇ ಪೂಜೆಯಂದು, ಅಂದರೆ ಆಯುಧಪೂಜೆಯಂದು. ರೆಸಾರ್ಟಿನಲ್ಲಿ ಕಾಲಿಡಲು ಜಾಗವಿರದಷ್ಟು ಜನ, ರಜೆ ಕೇಳಿದರೆ ಮ್ಯಾನೇಜರು ನಾನು ಅವನ ಕಿಡ್ನಿ ಕೇಳಿದಂತೆ ನೋಡಿದ. ಅಲ್ಲಿಯ ಕೋಣೆಯಲ್ಲಿರುವ ನನ್ನ ಹಳೆಯ ಲ್ಯಾಪ್‌ಟಾಪಿಗೆ ಈ ಆಟದ ಭಾರ ತಡೆಯದು. ಸರಿ, ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಾಣಕೋಣಕ್ಕೆ ಒಯ್ಯುವುದೆಂದು ನಿಶ್ಚಯಿಸಿದೆ. ಅದಕ್ಕೂ ಮೊದಲು ಸಿಕ್ಕ ಒಂದು ರಜೆಯಲ್ಲಿ ಮನೆಗೆ ಬಂದು ಕೌದಿ ಹಾಸಿ ಕಟ್ಟುತ್ತಿದ್ದಾಗ ಪಂಡಿತರ ಆಗಮನವಾಯಿತು.

"ಯಾಕ ಹೊತಗೊಂಡ ಹೋಗ್ತಿ? ನಾ ರಿಮೋಟ್ ಹಾಕಿಕೊಡ್ತೀನಿ. ಅಲ್ಲಿ ಲ್ಯಾಪ್‌ಟಾಪ್ ಮುಂದ ಕುಂತು ಇಲ್ಲಿದು ಆಡು. ಅದೇನ್ ದೊಡ್ಡ ಮಾತಲ್ಲ."

"ಮಾಮಾ, ನಾ ಅಲ್ಲಿ ಒತ್ತಿದ್ದು ಇಲ್ಲಿಗೆ ಬಂದು, ಇಲ್ಲಿ ಚಿತ್ರ ಅಲ್ಲಿಗೆ ಹೋಗೂದ್ರಾಗ ತಡ ಆಗ್ತೈತಿ. ಫೈಲ್ ತೆಗಿಯಾಕ, ಬಿಲ್ ನೋಡಾಕ ನಡಿತೈತಿ. ಇದು ಗುದ್ದಾಟ ಐತಿ."

"ಲೈಟ್ ಹತ್ತಿದಷ್ಟ ಸ್ಪೀಡ್ ಇರ್ತೈತಿ. ನಿನಗದು ತಿಳಿಯಂಗಿಲ್ಲ."

ನನಗೆ ತಿಳಿಯಂಗಿಲ್ಲ. ಕಂಪ್ಯೂಟರಿನ ಒಂದೊಂದು ಸ್ಕ್ರೂ ಕೈಯಾರೆ ಬಿಗಿದವಳಿಗೆ ತಿಳಿಯುವುದಿಲ್ಲ, ಕವರ್ ಮಾರುವವನಿಗೆ ತಿಳಿಯುತ್ತದೆ. ಆದರೆ ಅವ್ವ, "ಬಸ್ಸಿನ್ಯಾಗ ಕುಲುಕಿ ಏನಾರ ಆದ್ರ?" ಎಂದು ಹೆದರಿದಳು. ಆ ಹೆದರಿಕೆ ನನ್ನೊಳಗೂ ಇತ್ತು. ಒಪ್ಪಿಕೊಂಡೆ. ಅವನು ಕೂತು ಎಲ್ಲ ಜೋಡಿಸಿ, ಪಾಸ್‌ವರ್ಡಿಗೆ ತನ್ನದೇ ಹೆಸರು ಇಟ್ಟ. ಕೇಳಿದರೆ, "ಮರಿಬಾರ್ದಲ್ಲ, ಅದಕ್ಕ" ಎಂದು ಹಲ್ಲು ಕಿರಿದ.

ಕಾಣಕೋಣಕ್ಕೆ ಬಂದು, ಮಧ್ಯಾಹ್ನದ ಬಿಡುವಿನಲ್ಲಿ ಮೊದಲ ಸಲ ಆಡಿ ನೋಡಿದೆ. ಏನು ಹೇಳಲಿ ಆ ವೈಭವವನ್ನು. ನಾನು ಗುದ್ದಿದರೆ ಪರದೆಯ ಮೇಲಿನ ನನ್ನ ಆಳು ಸ್ವಲ್ಪ ಯೋಚನೆ ಮಾಡುತ್ತಿದ್ದ. ಅಷ್ಟರಲ್ಲಿ ಎದುರಾಳಿ ಅವನ ದವಡೆಗೆ ಎರಡು ಬಾರಿಸಿರುತ್ತಿದ್ದ. ಬಿದ್ದ ಮೇಲೆ ನಮ್ಮವನು ನೆಲದಿಂದೆದ್ದು, ಯಾವಾಗಲೋ ಹೇಳಿದ್ದ ಗುದ್ದನ್ನು ಗಾಳಿಗೆ ಹೊಡೆಯುತ್ತಿದ್ದ. ಪೆಟ್ಟಿನ ಸದ್ದು ಪೆಟ್ಟಾದ ಮೇಲೆ ಬರುತ್ತಿತ್ತು. ಮೌಸ್ ಮುಟ್ಟಿದರೆ ಇಡೀ ಅಖಾಡ ಬುಗುರಿಯ ಹಾಗೆ ಸುತ್ತುತ್ತಿತ್ತು. ಮನೆಯಲ್ಲಿ ನನಗೆ ಕೈಗಳಿದ್ದವು, ಇಲ್ಲಿ ಅರ್ಜಿ ಕೊಟ್ಟು ಕಾಯಬೇಕಿತ್ತು.

ಫೋನ್ ಮಾಡಿದರೆ ಪಂಡಿತರು, "ಸಮುದ್ರದ ಗಾಳಿಗೆ ಸಿಗ್ನಲ್ ಹಾರ್ತೈತಿ" ಅಂದರು. ಮರುದಿನ ಗುಡ್ಡ ಅಡ್ಡ ಬಂತು. ಅದರ ಮರುದಿನ, "ಬಣ್ಣ ಕಮ್ಮಿ ಮಾಡೂನು, ಹಗುರಾಗ್ತೈತಿ" ಎಂದು ಏನೋ ಒತ್ತಲು ಹೇಳಿದರು. ಒತ್ತಿದೆ. ಆಳುಗಳಿಬ್ಬರೂ ಕಲಸಿಟ್ಟ ಸಿಮೆಂಟಿನ ಮುದ್ದೆಗಳಾದರು, ಯಾರು ನನ್ನವನು ಯಾರು ಎದುರಾಳಿ ಎಂದು ಗುರುತೇ ಸಿಗಲಿಲ್ಲ. ವೇಗ ಮಾತ್ರ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

ಅವನನ್ನು ನೆಚ್ಚಿದರೆ ನನ್ನ ಕುತ್ತಿಗೆಗೆ ತಾಳಿ ಖಾತ್ರಿ ಎಂದು ಗೊತ್ತಾಯಿತು. ನಾನೇ ದಾರಿ ಹುಡುಕಿಕೊಂಡೆ. ಚುರುಕಾಗಿ ಜಿಗಿಯುವ ನನ್ನ ಹಳೆಯ ಆಳನ್ನು ಬಿಟ್ಟು ಒಬ್ಬ ದಪ್ಪನೆಯ, ನಿಧಾನದ ಆಳನ್ನು ಆರಿಸಿದೆ. ಎದುರಾಳಿಯನ್ನು ನೋಡಿ ಹೊಡೆಯುವುದನ್ನು ಬಿಟ್ಟೆ. ಅವಳು ಏನು ಮಾಡುತ್ತಾಳೆಂದು ಊಹಿಸಿ ಮೊದಲೇ ಒತ್ತಿಡುವುದನ್ನು ರೂಢಿಸಿಕೊಂಡೆ. ಗಿರಾಕಿಗಳೆಲ್ಲ ಊಟ ಮುಗಿಸಿ ನೀರಿಗಿಳಿದಾಗ ರೆಸಾರ್ಟಿನ ವೈಫೈ ಖಾಲಿ ಇರುತ್ತಿತ್ತು. ಪಾರ್ಲರಿನವರಿಗೆ ಅದೇ ಹೊತ್ತು ಕೇಳಿ ಗೊತ್ತುಮಾಡಿಕೊಂಡೆ. ಕೈ ಕಟ್ಟಿಸಿಕೊಂಡು ಕುಸ್ತಿ ಆಡುವುದೆಂದರೆ ಇದೇ, ಆದರೂ ಆಡಬಹುದು ಎನ್ನುವಲ್ಲಿಗೆ ಬಂದೆ.

ಆಗ ಅವ್ವನ ಫೋನ್ ಬಂತು. ಅವಳಿಗೆ ಬೇರೆಯದೇ ಚಿಂತೆ.

"ಖಂಡೇ ಪೂಜಿ ದಿನಾ ಹತ್ಯಾರ ಮುಟ್ಟಂಗಿಲ್ಲವಾ. ನಿಮ್ಮಪ್ಪನ ಕರಣಿ, ನನ್ನ ಸಲಿಕಿ, ಎಲ್ಲಾ ತೊಳದು ಪೂಜಿಗೆ ಇಡ್ತೀನಿ. ನಿನ್ನ ಕಂಪ್ಯೂಟ್ರೂ ಹತ್ಯಾರ ಅಲ್ಲೇನು? ಅದಕ್ಕೂ ಪೂಜಿ ಆಗಬೇಕಲ್ಲ?"

ಪೂಜೆಯಾದ ಸಲಕರಣೆ ಮರುದಿನದ ತನಕ ಕೆಲಸ ಮಾಡುವಂತಿಲ್ಲ. ಅದು ಅವ್ವನ ಮಟ್ಟಿಗೆ ಸರ್ಕಾರದ ಕಾನೂನಿಗಿಂತ ದೊಡ್ಡದು. ಅಪ್ಪ ಹೋದ ಮೇಲೂ, ಗಾರೆ ಮೆತ್ತುವ ಅವನ ಕರಣಿಯನ್ನು ಅವಳು ಯಾರಿಗೂ ಮುಟ್ಟಗೊಟ್ಟಿಲ್ಲ. ಗೌಂಡಿಗಳ ಮನೆಗಳಲ್ಲಿ ಒಬ್ಬರ ಕರಣಿಯನ್ನು ಇನ್ನೊಬ್ಬರು ಕೇಳದೆ ಎತ್ತಿಕೊಳ್ಳುವ ಪದ್ಧತಿಯೇ ಇಲ್ಲ. ಅಷ್ಟರಲ್ಲಿ ಅವ್ವನೇ ಯೋಚಿಸಿ ಹೇಳಿದಳು.

"ಅಲ್ಲಾ, ನೀ ಕೈಲೆ ಮುಟ್ಟಂಗಿಲ್ಲಲ್ಲ. ದೂರ ಕುಂತು ಆಡ್ತಿ. ಹಂಗಾದ್ರ ಅಡ್ಡಿಯಿಲ್ಲ ಬಿಡು. ಮೊದಲ ಚಾಲೂ ಮಾಡಿಟ್ಟು ಪೂಜಿ ಮಾಡ್ತೀನಿ. ಆಮ್ಯಾಲೆ ಇಲ್ಲಿ ಯಾರ್ಗೂ ಮುಟ್ಟಗೊಡಂಗಿಲ್ಲ."

ಮಾಮಾನ ರಿಮೋಟಿನಿಂದ ಆದ ಒಂದೇ ಒಂದು ಉಪಕಾರ ಇದು. ಅದೂ ಅವ್ವ ಕಂಡುಹಿಡಿದದ್ದು.

ಆ ದಿನ ಕೋಣೆಯಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೆಳಗೆ ಕೂತು ಆಡಿದೆ. ಮೊದಲ ಸುತ್ತು ಮಡಗಾಂವಿನವಳು ಗೆದ್ದಳು. ಎರಡನೆಯದನ್ನು ನಾನು ಗೆದ್ದೆ, ಅದೂ ಅವಳ ಗುದ್ದು ಕಣ್ಣಿಗೆ ಕಾಣುವ ಮೊದಲೇ ತಡೆದು. ಕೊನೆಯ ಸುತ್ತಿನಲ್ಲಿ ಅವಳ ಶಕ್ತಿಯ ಗೆರೆ ಕೆಂಪಾಗಿತ್ತು, ನನ್ನದು ಅರ್ಧಕ್ಕಿಂತ ಮೇಲಿತ್ತು. ಇನ್ನೆರಡು ಪೆಟ್ಟು ಬಿದ್ದಿದ್ದರೆ ಆಟ ಮುಗಿಯುತ್ತಿತ್ತು. ಆಗ ನನ್ನ ಪರದೆ ಕಪ್ಪಾಯಿತು. ಈ ಕಂಪ್ಯೂಟರಿಗೆ ಬೇರೊಬ್ಬರು ಪ್ರವೇಶಿಸಿದ್ದಾರೆ, ನಿಮ್ಮ ಸಂಪರ್ಕ ಕಡಿದಿದೆ ಎನ್ನುವ ಅರ್ಥದ ಒಂದು ಸಾಲು ಬಂತು.

ಈ ರಿಮೋಟಿನಲ್ಲಿ ಒಂದೇ ಜಾಗ ಇರುತ್ತದೆ. ನಾನು ದೂರದಿಂದ ಒಳಗಿದ್ದರೆ ಮನೆಯ ಪರದೆ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಯಾರಾದರೂ ಪಾಸ್‌ವರ್ಡ್ ಒತ್ತಿದರೆ ಬೀಗ ತೆರೆಯುತ್ತದೆ, ನಾನು ಹೊರಗೆ ಬೀಳುತ್ತೇನೆ. ಆಟ ಮಾತ್ರ ಯಾರಿಗೂ ಕಾಯದೆ ನಡೆದಿರುತ್ತದೆ. ನಾನು ಒದ್ದಾಡಿ ಮತ್ತೆ ಒಳಹೊಕ್ಕೆ. ನನ್ನ ಆಳು ಮರದ ಕಂಬದಂತೆ ನಿಂತು ಏಟು ತಿನ್ನುತ್ತಿದ್ದ. ಒಂದು ಗುದ್ದು ಒತ್ತಿದೆ, ಅದು ಮನೆ ಮುಟ್ಟಿತೋ ಇಲ್ಲವೋ, ಪರದೆ ಮತ್ತೆ ಕಪ್ಪು. ಅವ್ವನಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಎತ್ತಿದ್ದು ಮಾಮಾ.

"ಏ, ಎಲ್ಲಾರೂ ನಿನ್ನ ಆಟ ನೋಡಾಕ ಕುಂತಾರ, ಇಲ್ಲಿ ಬರೇ ಬೀಗದ ಚಿತ್ರ ಬರಾಕತ್ತಿತ್ತು. ನಾ ಓಪನ್ ಮಾಡೀನಿ. ನಡುವ ಮತ್ತ ಹೋತು, ಮತ್ತ ಓಪನ್ ಮಾಡಿದೆ. ನೀ ಆಡು, ನೀ ಆಡು. ಯಾಕ ಸುಮ್ನ ನಿಂತೀದಿ?"

"ಎದ್ದೇಳು ಮಾಮಾ. ನೀ ಕುಂತಿದ್ದಕ್ಕ ನಾ ಹೊರಗ ಬಿದ್ದೀನಿ."

"ಅಯ್ಯ, ಹಂಗೇನಿಲ್ಲ. ಅದು ನಿಂದ ನೆಟ್ ಸ್ಲೋ ಐತಿ. ತಡಿ, ನಾನ ಹೊಡಿತೀನಿ."

ಹೊಡೆದ. ಯಾವ ಬಟನ್ ಒತ್ತಿದನೋ ಏನೋ, ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು, "ಮಗಾ ಚಲೋ ಆಡಾಕತ್ತಾನ." ಅಷ್ಟರಲ್ಲಿ ಆಟ ಮುಗಿದಿತ್ತು, ಮಡಗಾಂವಿನವಳು ಗೆದ್ದಿದ್ದಳು.

ಬೇಕೆಂದೇ ಮಾಡಿದನೇ ಎಂದು ಜೊತೆಯ ಹುಡುಗಿಯರು ಕೇಳಿದರು. ಇಲ್ಲ. ಬೇಕೆಂದೇ ಕೆಡಿಸಬೇಕಾದರೆ ಅದು ಹೇಗೆ ನಡೆಯುತ್ತದೆಂದು ಗೊತ್ತಿರಬೇಕು. ಅಷ್ಟು ಬುದ್ಧಿ ಅವನಿಗಿದ್ದಿದ್ದರೆ ನಾನು ಸ್ವಲ್ಪ ಮರ್ಯಾದೆಯನ್ನಾದರೂ ಕೊಡುತ್ತಿದ್ದೆ.

ಸಂಜೆ ತನಕ ಬಿಲ್ಲು ಕೊಟ್ಟೆ, ಗಿರಾಕಿಗಳಿಗೆ ನಕ್ಕೆ. ಜಾಗ ಹೋದದ್ದಕ್ಕೆ ಅಳು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅದನ್ನು ಕಳೆದವನ ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ಕೂಡಬೇಕಲ್ಲ ಎಂದು. ಮಾತು ನಾನೇ ಕೊಟ್ಟಿದ್ದೆ, ನಾಲ್ಕು ಜನರ ಕಿವಿಗೆ ಅದು ಬಿದ್ದಿತ್ತು. ಕೌಂಟರ್ ಮುಚ್ಚಿ ಅವ್ವನಿಗೆ ಫೋನ್ ಮಾಡಿದೆ.

"ಸೋತೆ ಅವ್ವಾ. ಹೂಂ ಅಂತ ಹೇಳಿಬಿಡು ಅತ್ತಿಗೆ."

"ಹೇಳಿ ಕಳಿಸೀನಿ," ಎಂದಳು ಅವ್ವ.

"ಏನಂತ?"

"ಕೊಡಂಗಿಲ್ಲ ಅಂತ."

ಅವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ನಾ ಮುಟ್ಟಬ್ಯಾಡ ಅಂದೆ. ಪೂಜಿ ಆಗಿದ್ದ ಹತ್ಯಾರ, ಅದೂ ನಿಂದು. ಹೂವಾ ಸರಿಸಿ ಮುಟ್ಟಿದ. ನೀ ಒಳಗ ಬಂದಿದ್ದಿ, ಹೊರಗ ಹಾಕಿದ. ಮತ್ತ ಬಂದಿ, ಮತ್ತ ಹಾಕಿದ. ಆಮ್ಯಾಲೆ ನಿನ್ನ ಕುರ್ಚಿ ಮ್ಯಾಲೆ ಕುಂತು ನಿನಗ ಆಟ ಬರಂಗಿಲ್ಲ ಅಂದ. ನಿಮ್ಮತ್ತಿಗೆ ಅಂದೆ, ಅಕ್ಕಾರ, ಒಂದ ಮಧ್ಯಾನದಾಗ ಇಷ್ಟ ಮಾಡ್ಯಾನ, ಮದುವಿ ಮಾಡಿ ಕೊಟ್ಟಮ್ಯಾಲೆ ಏನ್ ಮಾಡ್ತಾನ?"

"ಮತ್ತ ನಾ ಕೊಟ್ಟ ಮಾತು?"

"ನೀ ಸೋತ್ರ ಅಂತ ಕೊಟ್ಟಿದ್ದಿ. ನೀ ಎಲ್ಲಿ ಸೋತಿ? ಕೊನಿಗೆ ಕುಂತು ಆಡಿ ಸೋತಾವ ಅವ."

ನಾನು ಮೂಗು ಒರೆಸಿಕೊಂಡೆ. ಕಂಪ್ಯೂಟರನ್ನು ಇವತ್ತಿಗೂ ಟಿ.ವಿ. ಎಂದೇ ಒಮ್ಮೊಮ್ಮೆ ಕರೆಯುವ ಹೆಂಗಸು. ಗಂಡನ ಅಕ್ಕನ ಮುಂದೆ ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ.

"ಅಳಬ್ಯಾಡ," ಅಂದಳು. "ಆ ಒಳಗ ಹೋಗೂ ಹೆಸರು ಅವನದ ಐತಂತಲ್ಲ. ಅದನ್ನ ಮೊದಲ ತೆಗಿ. ನಮ್ಮ ಮನಿ ಕೀಲಿ ಅವನ ಕಡಿ ಯಾಕಿರಬೇಕು?"

ಪೂಜೆಯ ದಿನ ಇನ್ನೂ ಮುಗಿದಿರಲಿಲ್ಲ. ಆದರೆ ದೂರದಿಂದ ಮುಟ್ಟಿದರೆ ಅಡ್ಡಿಯಿಲ್ಲ ಎಂದು ಅವಳೇ ತೀರ್ಪು ಕೊಟ್ಟಿದ್ದಳು. ಲ್ಯಾಪ್‌ಟಾಪ್ ತೆರೆದು ಸಾಂಕೋಲೆಯ ಮನೆಯೊಳಗೆ ಹೋದೆ. ಪಾಸ್‌ವರ್ಡಿನ ಜಾಗದಿಂದ ಅವನ ಹೆಸರನ್ನು ಅಳಿಸಿದೆ. ಪರದೆ ಎಂದಿನಂತೆ ಯೋಚನೆ ಮಾಡಿ ಮಾಡಿ ಒಂದೊಂದೇ ಅಕ್ಷರವನ್ನು ಬಿಟ್ಟುಕೊಟ್ಟಿತು. ಆ ಜಾಗದಲ್ಲಿ ನಾನು ಅವ್ವನ ಹೆಸರು ಒತ್ತಿದೆ, ಅದು ಅಲ್ಲಿಗೆ ತಲುಪುವ ತನಕ ಕಾದು ಕೂತೆ.