ಹತ್ತು ಬೆರಳಿನ ಮೇಜು

ಲೋಟ ಇಡಬಾರದ ಮೇಜನ್ನು ಮೇಜು ಎಂದು ಕರೆಯುವುದು ಹೇಗೆ? ಮೂರು ವಾರದಿಂದ ಹೊನ್ನಾಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಂಥದೊಂದು ಕೂತಿತ್ತು. ಡಿಪ್ಲೊಮಾ ಕೊನೆಯ ವರ್ಷದಲ್ಲಿರುವ ಮಗಳು ಚೈತ್ರಾ ಪರೀಕ್ಷೆಗೆಂದು ಕಟ್ಟಿದ್ದು. ಮರದ ಪೆಟ್ಟಿಗೆ, ಮೇಲೊಂದು ದಪ್ಪ ಅಕ್ರಿಲಿಕ್ ಹಾಳೆ, ಅದರ ಅಂಚಿಗೆಲ್ಲ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಪುಟ್ಟ ಬಲ್ಬುಗಳು, ಒಳಗೆ ಆ ಬೆಳಕನ್ನಷ್ಟೇ ನೋಡುವ ಕ್ಯಾಮೆರಾ. ಹಾಳೆಯ ಮೇಲೆ ಬೆರಳಿಟ್ಟರೆ ಲ್ಯಾಪ್‌ಟಾಪಿನಲ್ಲೊಂದು ಬಿಳಿ ಚುಕ್ಕಿ ಮೂಡುತ್ತದೆ. ಹತ್ತು ಬೆರಳಿಟ್ಟರೆ ಹತ್ತು. ಕಾಣದ ಬೆಳಕನ್ನು ನಂಬುವುದು ನನಗೇನೂ ಕಷ್ಟವಾಗಲಿಲ್ಲ. ಕಾಣದವನನ್ನು ನಂಬಿಯೇ ಇಷ್ಟು ವರ್ಷ ಸಂಸಾರ ತೂಗಿಸಿದ್ದೇನೆ.

ಅಂದು ಹತ್ತು ಗಂಟೆಗೆ ಅವಳ ಮೇಡಂ ಬಂದು ಮೇಜು ನೋಡಿ ಅಂಕ ಹಾಕುವವರಿದ್ದರು. ಬಸ್ಸಿನಲ್ಲಿ ಒಯ್ದರೆ ಹಾಳೆ ಒಡೆದೀತೆಂದು ಅವರೇ ಮನೆಗೆ ಬರಲು ಒಪ್ಪಿದ್ದು ದೇವರ ದಯೆ. ಆದರೆ ಒಂಬತ್ತಕ್ಕೆ ಮೇಜು ಚಾಲೂ ಮಾಡಿದರೆ, ಯಾರೂ ಮುಟ್ಟದೆಯೇ, ಒಂದು ಚುಕ್ಕಿ ಮೂಡಿ ನಡುಗತೊಡಗಿತು. ಚೈತ್ರಾ ತಂತಿ ಬಿಚ್ಚಿದಳು, ಮತ್ತೆ ಬೆಸೆದಳು, ಹಾಳೆ ಒರೆಸಿದಳು. ಅದು ಹೋಗಲೊಲ್ಲದು.

“ಫೇಲಾದ್ರೆ ಇನ್ನೊಂದ್ ವರ್ಷ ಅಲೀಬೇಕಮ್ಮ,” ಎಂದಳು.

ನನಗೆ ಗೊತ್ತಿದ್ದುದು ಒಂದೇ ಉಪಾಯ. ಮೇಡಂ ಬಂದು ಹೋಗುವವರೆಗೂ ಆರಿಸುವುದಿಲ್ಲ, ಜಾಗ ಬದಲಿಸುವುದಿಲ್ಲ ಎಂದು ಹರಕೆ ಹೊತ್ತು, ಪಡಸಾಲೆಯ ದೇವರಗೂಡಿನಲ್ಲಿ ಅಂದು ಬೆಳಗ್ಗೆ ಐದು ಬತ್ತಿಯ ದೀಪ ಹಚ್ಚಿದ್ದೆ. ಅದಕ್ಕೆ ಇನ್ನಷ್ಟು ಎಣ್ಣೆ ಹಾಕಲು ಹೋದೆ.

“ಹೋತು! ಅಮ್ಮಾ, ಚುಕ್ಕಿ ಹೋತು!”

ಕೈಮುಗಿದು ಪಕ್ಕಕ್ಕೆ ಸರಿದೆ.

“ಅಯ್ಯೋ, ಬಂತು! ಅಡ್ಡ ನಿಂತ್ಕ... ಈಗ ಹೋತು! ಅಮ್ಮಾ, ನಿನ್ ದೀಪಾನೇ! ಅದ್ರಾಗೂ ಆ ಬೆಳಕು ಐತೆ. ಕ್ಯಾಮೆರಾ ಅದನ್ನ ಬೆರಳು ಅನ್ಕಂಡೈತೆ!”

ಆರಿಸು ಎಂದು ಅವಳು ಕೇಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೆ. ಹರಕೆಯ ದೀಪ ಆರಿಸಲು ನನಗೆ ಕೈ ಬರಲಿಲ್ಲ. ಉರಿಯುವ ದೀಪಕ್ಕೆ ಬಟ್ಟೆ ಕಟ್ಟುವಷ್ಟು ಪೆದ್ದಿಯೂ ಅಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು, ದೇವರಿಗೆ ಬೆನ್ನು ಮಾಡಿ ನಿಂತುಬಿಟ್ಟೆ.

ಮೇಡಂ ಎರಡೂ ಕೈ ಇಟ್ಟರು. ಹತ್ತೇ ಚುಕ್ಕಿ.

“ಬರ್ರಿ, ನೀವೂ ಮುಟ್ಟಿ ನೋಡ್ರಿ,” ಎಂದು ನನ್ನನ್ನು ಕರೆದರು.

“ನಾ ಬರಂಗಿಲ್ರೀ. ಬಂದ್ರೆ ಹನ್ನೊಂದಾಗ್ತಾವೆ,” ಎಂದುಬಿಟ್ಟೆ.

ಚೈತ್ರಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಎಲ್ಲವನ್ನೂ ಹೇಳಿದಳು. ಮೇಡಂ ನನ್ನ ಹೆಗಲಾಚೆ ಇಣುಕಿ ದೀಪ ನೋಡಿದರು, ನಕ್ಕರು. “ತಪ್ಪು ಎಲ್ಲೈತೆ ಅಂತ ಹಿಡಿದಿದ್ದಕ್ಕೂ ಮಾರ್ಕ್ಸ್ ಐತಮ್ಮ. ಇದನ್ನೂ ಬರಿ. ಪಾಸಾದೆ, ಹೋಗು.”

ಅವರು ಸಹಿ ಹಾಕುವವರೆಗೂ ನಾನು ಕದಲಲಿಲ್ಲ. ಬೆನ್ನು ಬೆಚ್ಚಗಾಗುತ್ತಿತ್ತು. ಇಷ್ಟು ವರ್ಷ ದೇವರ ಎದುರು ನಿಂತೇ ಬೇಡಿದ್ದೇನೆ. ಕೊಡುವವನು ಹಿಂದೆಯೂ ನಿಂತಿರುತ್ತಾನೆಂದು ಅಂದು ತಿಳಿಯಿತು.